ದಾಹ ಆರುವುದು ಬೇರೆ, ದೇಹದಲ್ಲಿ ನೀರು ನಿಲ್ಲುವುದು ಬೇರೆ

ತಾಪಮಾನವನ್ನು ದಾಖಲಿಸಲು ಆರಂಭಿಸಿದಂದಿನಿಂದ ಭೂಮಿ ಕಂಡ ಅತ್ಯಂತ ಬಿಸಿಯಾದ ವರ್ಷ 2024 ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. ಸೆಕೆ ಏರಿದಂತೆಲ್ಲ ಪಾನೀಯಗಳ ಜಾಹೀರಾತೂ ಏರುತ್ತಿದೆ. ಒಂದು ಬಾಟಲಿಯ ಮೇಲೆ ‘ಎಲೆಕ್ಟ್ರೋಲೈಟ್ ಭರಿತ’ ಎಂದಿದ್ದರೆ ಇನ್ನೊಂದರ ಮೇಲೆ ‘ಕ್ಷಣದಲ್ಲಿ ಚೈತನ್ಯ’ ಎಂದಿರುತ್ತದೆ. ಕಾಫಿ ಕುಡಿದರೆ ನೀರು ಕುಡಿದ ಲೆಕ್ಕವಲ್ಲ ಎಂದು ಒಬ್ಬರು ಹೇಳಿದರೆ, ದಿನಕ್ಕೆ ಎಂಟು ಲೋಟ ನೀರು ಕಡ್ಡಾಯ ಎಂದು ಮೊಬೈಲಿನ ಆ್ಯಪ್ ನೆನಪಿಸುತ್ತದೆ. ಯಾವುದನ್ನು ನಂಬುವುದು?

ಈ ಗೊಂದಲದ ಬಹುಪಾಲು ಎರಡು ಪ್ರಶ್ನೆಗಳನ್ನು ಒಂದೇ ಎಂದುಕೊಳ್ಳುವುದರಿಂದ ಹುಟ್ಟುತ್ತದೆ. ಕುಡಿದ ಕೂಡಲೇ ಹಾಯೆನಿಸುವುದು ಬಾಯಿ ಮತ್ತು ಮಿದುಳಿನ ವ್ಯವಹಾರ. ಅದು ನಿಮಿಷದೊಳಗೆ ಮುಗಿಯುತ್ತದೆ. ಕುಡಿದದ್ದು ರಕ್ತಕ್ಕೆ ಸೇರಿ ಒಂದಷ್ಟು ಹೊತ್ತು ದೇಹದಲ್ಲಿ ಉಳಿಯುವುದು ಕರುಳು ಮತ್ತು ಮೂತ್ರಪಿಂಡಗಳ ಕೆಲಸ. ಅದು ಗಂಟೆಗಟ್ಟಲೆ ನಡೆಯುತ್ತದೆ. ಮೊದಲನೆಯದರಲ್ಲಿ ಗೆಲ್ಲುವ ಪಾನೀಯ ಎರಡನೆಯದರಲ್ಲಿ ಸಾಧಾರಣವಾಗಿರಬಹುದು. ಇದರ ತಿರುಗುಮುರುಗೂ ಉಂಟು.

## ದೇಹದ ನೀರಿನ ಲೆಕ್ಕ

ವಯಸ್ಕರ ತೂಕದಲ್ಲಿ ಶೇ 50ರಿಂದ 60ರಷ್ಟು ನೀರೇ ಇರುತ್ತದೆ. 70 ಕಿಲೋ ತೂಗುವ ಗಂಡಸಿನ ದೇಹದಲ್ಲಿ ಸುಮಾರು 42 ಲೀಟರ್. ಅದರ ಮೂರನೇ ಎರಡು ಭಾಗ ಜೀವಕೋಶಗಳ ಒಳಗಿದೆ. ಉಳಿದದ್ದು ಕೋಶಗಳ ಸುತ್ತಮುತ್ತ ಮತ್ತು ರಕ್ತದಲ್ಲಿದೆ. ರಕ್ತದ ದ್ರವಭಾಗವಾದ ಪ್ಲಾಸ್ಮಾದ ಪಾಲು ಕೇವಲ ಮೂರು ಲೀಟರಿನಷ್ಟು. ಆದರೆ ದೇಹದಲ್ಲಿ ನೀರು ಸಾಕಷ್ಟಿದೆಯೇ ಇಲ್ಲವೇ ಎಂಬುದನ್ನು ಮಿದುಳು ಅಳೆಯುವುದು ಈ ಸಣ್ಣ ಪಾಲಿನಲ್ಲಿಯೇ.

ನೀರು ಎಲ್ಲಿರಬೇಕು ಎಂಬುದನ್ನು ತೀರ್ಮಾನಿಸುವುದು ಅದರಲ್ಲಿ ಕರಗಿರುವ ಲವಣಗಳು. ಕೋಶಗಳ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ನೀರಿನಲ್ಲಿ ಕರಗಿ ವಿದ್ಯುದಾವೇಶದ ಕಣಗಳಾಗುವ ಇಂಥ ಲವಣಗಳನ್ನು ಎಲೆಕ್ಟ್ರೋಲೈಟ್ ಎನ್ನುತ್ತಾರೆ. ಬಾಟಲಿಯ ಮೇಲೆ ದಪ್ಪಕ್ಷರದಲ್ಲಿ ಮಿನುಗುವ ಈ ಪದದ ಹಿಂದೆ ಮುಖ್ಯವಾಗಿ ಇರುವುದು ಅಡುಗೆ ಉಪ್ಪಿನಲ್ಲಿರುವ ಸೋಡಿಯಮ್ಮೇ.

ಹೆಚ್ಚಿದ ಸೌತೆಕಾಯಿಗೆ ಉಪ್ಪು ಉದುರಿಸಿ ಸ್ವಲ್ಪ ಹೊತ್ತು ಬಿಟ್ಟರೆ ತಟ್ಟೆಯಲ್ಲಿ ನೀರು ನಿಲ್ಲುತ್ತದೆ. ಕರಗಿದ ವಸ್ತು ಹೆಚ್ಚಿರುವ ಕಡೆಗೆ ನೀರು ತೆಳುವಾದ ಪೊರೆಯನ್ನು ದಾಟಿ ಹರಿಯುವ ಈ ಕ್ರಿಯೆಯ ಹೆಸರು ಅಭಿಸರಣೆ. ನಮ್ಮ ಕರುಳಿನಲ್ಲಿಯೂ ಮೂತ್ರಪಿಂಡದಲ್ಲಿಯೂ ನೀರು ಚಲಿಸುವುದು ಇದೇ ನಿಯಮದಿಂದ. ಉಪ್ಪು ಅಥವಾ ಸಕ್ಕರೆ ಎಲ್ಲಿಗೆ ಹೋಗುತ್ತದೋ ನೀರು ಅದರ ಬೆನ್ನು ಹಿಡಿಯುತ್ತದೆ. ಮುಂದೆ ಬರುವ ಪಾನೀಯಗಳ ಗುಣದೋಷವೆಲ್ಲ ಬಹುಮಟ್ಟಿಗೆ ಈ ಒಂದು ನಿಯಮದ ಮೇಲೆ ನಿಂತಿದೆ.

## ಬಾಯಾರಿಕೆ ಹುಟ್ಟುವುದು ಹೇಗೆ, ಆರುವುದು ಹೇಗೆ

ಬೆವರು, ಮೂತ್ರ, ಉಸಿರಿನ ಮೂಲಕ ನೀರು ಹೊರಹೋದಾಗ ರಕ್ತ ತುಸು ಗಾಢವಾಗುತ್ತದೆ. ಕರಗಿದ ಕಣಗಳ ಸಾಂದ್ರತೆ ಶೇ 1ರಿಂದ 2ರಷ್ಟು ಏರಿದರೂ ಸಾಕು, ಮಿದುಳಿನ ಹೈಪೊಥಲಾಮಸ್ ಭಾಗದ ನರಕೋಶಗಳು ಅದನ್ನು ಪತ್ತೆಹಚ್ಚುತ್ತವೆ. ಆಗ ಎರಡು ಕೆಲಸ ಆರಂಭವಾಗುತ್ತದೆ: ನಮಗೆ ಬಾಯಾರುತ್ತದೆ, ಜೊತೆಗೆ ಪಿಟ್ಯುಟರಿ ಗ್ರಂಥಿಯಿಂದ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ. ನೀರನ್ನು ಹೊರಗೆ ಬಿಡಬೇಡಿ ಎಂದು ಮೂತ್ರಪಿಂಡಗಳಿಗೆ ಸಂದೇಶ ಮುಟ್ಟಿಸುವುದು ಈ ಹಾರ್ಮೋನು. ಬಿಸಿಲಿನಲ್ಲಿ ದುಡಿದ ದಿನ ಮೂತ್ರ ಕಡುಹಳದಿಯಾಗಿ, ಸ್ವಲ್ಪವೇ ಬರುವುದು ಇದರಿಂದಲೇ.

ಬಾಯಾರಿದವರು ಒಂದು ಲೋಟ ನೀರು ಕುಡಿದ ಕೂಡಲೇ ತೃಪ್ತಿ ಸಿಗುತ್ತದೆ. ಆದರೆ ಆ ನೀರು ಕರುಳನ್ನು ತಲುಪಿ ರಕ್ತವನ್ನು ಗಣನೀಯವಾಗಿ ತಿಳಿಗೊಳಿಸಲು ಹತ್ತು ನಿಮಿಷಕ್ಕೂ ಹೆಚ್ಚು ಬೇಕು. ಅಂದರೆ ಮಿದುಳು ನೀರು ಬಂದು ಸೇರುವವರೆಗೆ ಕಾಯುವುದಿಲ್ಲ. ಬಾಯಿ ಮತ್ತು ಗಂಟಲಿನ ಸೂಚನೆಗಳನ್ನು ನಂಬಿ ಮುಂಚಿತವಾಗಿಯೇ ಬಾಯಾರಿಕೆಯನ್ನು ನಿಲ್ಲಿಸಿಬಿಡುತ್ತದೆ. 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬಾಯಾರಿದ ಇಲಿಗಳ ಬಾಯಿಗೆ ತಣ್ಣನೆಯ ಲೋಹ ತಗುಲಿದರೂ ಸಾಕು, ಅವುಗಳ ಮಿದುಳಿನ ಬಾಯಾರಿಕೆಯ ನರಕೋಶಗಳ ಚಟುವಟಿಕೆ ಇಳಿಯಿತು. ಒಂದು ಹನಿ ನೀರೂ ಒಳಗೆ ಹೋಗಿರಲಿಲ್ಲ.

ತಂಪು ಪಾನೀಯ ಅಷ್ಟು ಹಿತವೆನಿಸುವ ಗುಟ್ಟು ಇಲ್ಲಿದೆ. ಬಾಯಿಯ ನರತುದಿಗಳಲ್ಲಿ ತಂಪನ್ನು ಗುರುತಿಸುವ ಟಿಆರ್‌ಪಿಎಂ8 ಎಂಬ ಪ್ರೋಟೀನ್ ಇದೆ. ಪುದೀನದ ಜಾತಿಯ ಗಿಡಗಳಲ್ಲಿರುವ ಮೆಂಥಾಲ್ ಕೂಡ ಅದನ್ನೇ ಕೆರಳಿಸುತ್ತದೆ. ಆದ್ದರಿಂದ ಪುದೀನ ಬೆರೆತ ಪಾನೀಯ ನಿಜವಾಗಿ ಇರುವುದಕ್ಕಿಂತ ತಣ್ಣಗೆ ಅನಿಸುತ್ತದೆ. ಸೋಡಾದ ಗುಳ್ಳೆಗಳು ಚುರುಗುಟ್ಟಿಸುವುದು ಇಂಗಾಲದ ಡೈಆಕ್ಸೈಡ್ ಬಾಯಲ್ಲಿ ಕಾರ್ಬಾನಿಕ್ ಆಮ್ಲವಾಗುವುದರಿಂದ. ಆ ಚುರುಕು ಸಹ ದಾಹ ಆರಿದ ಭಾವನೆಯನ್ನು ಹೆಚ್ಚಿಸುತ್ತದೆ. ಹುಳಿ ರಸಗಳು ಜೊಲ್ಲು ಸುರಿಸಿ, ಒಣಗಿದ ಬಾಯಿಯನ್ನು ಒದ್ದೆಯಾಗಿಸುತ್ತವೆ. ದಿನಕ್ಕೆ ಇಂತಿಷ್ಟೇ ನೀರು ಕುಡಿಯಬೇಕೆಂಬ ಕಟ್ಟುಪಾಡಿರುವ ರೋಗಿಗಳಿಗೆ ಮಂಜುಗಡ್ಡೆಯ ಚೂರು ಚೀಪಲು ಹೇಳುವುದು ಈ ತಿಳಿವಳಿಕೆಯ ಬಳಕೆಯೇ.

ಈ ಮುಂಗಡ ತೃಪ್ತಿಗೆ ಒಂದು ಅಡ್ಡ ಪರಿಣಾಮವೂ ಇದೆ. ತೀರಾ ತಣ್ಣಗಿನ ಪಾನೀಯದ ಒಂದೆರಡು ಗುಟುಕಿಗೇ ಬಾಯಾರಿಕೆ ಆರಿಬಿಟ್ಟರೆ, ಬೇಕಾದಷ್ಟು ಕುಡಿಯುವ ಮೊದಲೇ ಲೋಟ ಕೆಳಗಿಡುವ ಸಾಧ್ಯತೆ ಇರುತ್ತದೆ. ದುಡಿಮೆ ಅಥವಾ ವ್ಯಾಯಾಮದ ನಡುವೆ ಜನ ತಾವಾಗಿಯೇ ಹೆಚ್ಚು ಕುಡಿಯುವುದು ಸುಮಾರು 15 ಡಿಗ್ರಿ ಸೆಲ್ಸಿಯಸ್‌ನ ನೀರನ್ನು, ಅಂದರೆ ತಂಪಾಗಿದ್ದರೂ ಹಲ್ಲು ಜುಮ್ಮೆನ್ನದ ನೀರನ್ನು.

## ಬಿಸಿ ಪಾನೀಯ ದೇಹವನ್ನು ತಂಪಾಗಿಸುವುದೇ?

ವಿಚಿತ್ರವೆನಿಸಿದರೂ ಕೆಲವು ಸಂದರ್ಭಗಳಲ್ಲಿ ಹೌದು. ಕೆನಡಾದ ಒಟ್ಟಾವ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಇದನ್ನು ಸೈಕಲ್ ತುಳಿಯುವವರ ಮೇಲೆ ಪರೀಕ್ಷಿಸಿದರು. ಬಿಸಿನೀರು ಕುಡಿದಾಗ ಹೊಟ್ಟೆಯ ಭಾಗದ ತಾಪಸಂವೇದಿಗಳು ಹೆಚ್ಚು ಬೆವರು ಹರಿಸುವಂತೆ ಮಾಡಿದವು. ಆ ಬೆವರೆಲ್ಲ ಆವಿಯಾದರೆ ಪಾನೀಯ ತಂದ ಶಾಖಕ್ಕಿಂತ ಹೊರಹೋಗುವ ಶಾಖವೇ ಹೆಚ್ಚಾಗುತ್ತದೆ. ಆದರೆ ‘ಆವಿಯಾದರೆ’ ಎಂಬ ಷರತ್ತು ಮುಖ್ಯ. ಗಾಳಿ ಒಣಗಿದ್ದು ಬಟ್ಟೆ ತೆಳುವಾಗಿದ್ದರೆ ಈ ಲೆಕ್ಕ ಸರಿ. ತೇವ ತುಂಬಿದ ಗಾಳಿಯಲ್ಲಿ ಬೆವರು ಮೈಮೇಲೆ ಇಳಿದುಹೋಗುತ್ತದೆಯೇ ಹೊರತು ತಂಪು ಕೊಡುವುದಿಲ್ಲ. ಬಿಸಿ ಪಾನೀಯದಿಂದ ಅಲ್ಲಿ ನಷ್ಟವೇ. 65 ಡಿಗ್ರಿಗಿಂತ ಹೆಚ್ಚು ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2016ರಲ್ಲಿ ವರ್ಗೀಕರಿಸಿದ್ದರಿಂದ, ಸ್ವಲ್ಪ ಆರಿಸಿ ಕುಡಿಯುವುದು ಲೇಸು.

## ಗಂಟಲಿನಿಂದ ರಕ್ತಕ್ಕೆ

ಹೊಟ್ಟೆಯಲ್ಲಿ ನೀರು ಹೀರಲ್ಪಡುವುದು ತೀರಾ ಕಡಿಮೆ. ಅಲ್ಲಿಂದ ಅದು ಸಣ್ಣ ಕರುಳಿಗೆ ಇಳಿಯಬೇಕು. ಕುಡಿದ ನೀರು, ಜೊಲ್ಲು, ಜೀರ್ಣರಸಗಳು ಎಲ್ಲ ಸೇರಿ ದಿನಕ್ಕೆ ಸುಮಾರು ಎಂಟೊಂಬತ್ತು ಲೀಟರ್ ದ್ರವ ಕರುಳನ್ನು ಸೇರುತ್ತದೆ. ಅದರ ಬಹುಪಾಲನ್ನು ಸಣ್ಣ ಕರುಳೇ ಹೀರಿಕೊಳ್ಳುತ್ತದೆ.

ಸಣ್ಣ ಕರುಳಿನ ಗೋಡೆಯ ಕೋಶಗಳಲ್ಲಿ ಎಸ್‌ಜಿಎಲ್‌ಟಿ1 ಎಂಬ ಸಾಗಣೆಯ ಪ್ರೋಟೀನ್ ಇದೆ. ಒಂದು ಗ್ಲೂಕೋಸ್ ಅಣುವಿನ ಜೊತೆಗೆ ಎರಡು ಸೋಡಿಯಂ ಕಣಗಳು ಬಂದಾಗ ಅದು ಮೂರನ್ನೂ ಒಟ್ಟಿಗೆ ಒಳಗೆ ಸಾಗಿಸುತ್ತದೆ. ಅವುಗಳ ಹಿಂದೆ ಅಭಿಸರಣೆಯಿಂದ ನೀರೂ ಬರುತ್ತದೆ. ಹೀಗೆ ತುಸು ಸಕ್ಕರೆ, ತುಸು ಉಪ್ಪು ಜೊತೆಗಿದ್ದರೆ ನೀರು ಬೇಗ ಹೀರಲ್ಪಡುತ್ತದೆ. ಈ ಜೋಡಿ ಸಾಗಣೆಯ ಕಲ್ಪನೆಯನ್ನು ರಾಬರ್ಟ್ ಕ್ರೇನ್ ಎಂಬ ಜೀವರಸಾಯನ ವಿಜ್ಞಾನಿ 1960ರಲ್ಲಿ ಮುಂದಿಟ್ಟರು.

ಇದು ಎಷ್ಟು ದೊಡ್ಡ ವಿಷಯ ಎಂಬುದು ಜಗತ್ತಿಗೆ ಮನವರಿಕೆಯಾದದ್ದು 1971ರಲ್ಲಿ. ಬಾಂಗ್ಲಾದೇಶದ ವಿಮೋಚನಾ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಾಗ ವೈದ್ಯ ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ರೋಗಿಗಳಿಗೆ ಕುಡಿಸುವ ವ್ಯವಸ್ಥೆ ಮಾಡಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ, ಈ ದ್ರಾವಣ ಪಡೆದವರಲ್ಲಿ ಶೇ 4ಕ್ಕಿಂತ ಕೆಳಗಿತ್ತು. ಇಂದು ಒಆರ್‌ಎಸ್ ಎಂದು ಕರೆಯುವ ಜೀವಜಲ ಇದೇ. 2002ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಮತ್ತು 2.9 ಗ್ರಾಂ ಸೋಡಿಯಂ ಸಿಟ್ರೇಟ್ ಬೆರೆಸಬೇಕು. ವಾಂತಿಭೇದಿಯಾದಾಗ ಇದಕ್ಕೆ ಸಮನಾದ ಬೇರೆ ಪಾನೀಯವಿಲ್ಲ. ಹಾಗೆಂದು ಆರೋಗ್ಯವಂತರು ದಿನವೂ ನೀರಿನ ಬದಲು ಇದನ್ನೇ ಕುಡಿಯುವುದರಲ್ಲಿ ಅರ್ಥವಿಲ್ಲ. ಬೇಡದ ಉಪ್ಪು ಒಳಗೆ ಹೋಗುತ್ತದೆ ಅಷ್ಟೆ.

ಸಕ್ಕರೆ ತುಸು ಇದ್ದರೆ ಒಳ್ಳೆಯದು ಎಂದ ಮೇಲೆ ಹೆಚ್ಚಿದ್ದರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. ಕೋಲಾದಂಥ ಸಿಹಿ ಪಾನೀಯಗಳಲ್ಲಿ 100 ಮಿಲಿಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ, ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ಅದು ರಕ್ತಕ್ಕಿಂತ ಗಾಢ. ಆದ್ದರಿಂದ ಹೊಟ್ಟೆಯಿಂದ ನಿಧಾನವಾಗಿ ಇಳಿಯುತ್ತದೆ. ಇಳಿದ ಮೇಲೂ ಮೊದಲು ದೇಹದ ನೀರನ್ನೇ ಕರುಳಿನೊಳಕ್ಕೆ ಎಳೆದುಕೊಂಡು ತಾನು ತಿಳಿಯಾಗುತ್ತದೆ, ಆಮೇಲಷ್ಟೇ ಹೀರಲ್ಪಡುತ್ತದೆ. ಭೇದಿಯಾಗುತ್ತಿರುವ ಮಗುವಿಗೆ ಇಂಥ ಪಾನೀಯ ಕುಡಿಸಬಾರದು ಎನ್ನುವುದು ಇದಕ್ಕಾಗಿ.

## ಒಳಗೆ ಬಂದದ್ದು ಎಷ್ಟು ಹೊತ್ತು ಉಳಿಯುತ್ತದೆ?

ಬ್ರಿಟನ್ನಿನ ಸಂಶೋಧಕರು 2016ರಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಅಳೆದರು. 72 ಗಂಡಸರು ಪಾಲ್ಗೊಂಡ ಆ ಅಧ್ಯಯನದಲ್ಲಿ 13 ಬಗೆಯ ಪಾನೀಯಗಳನ್ನು ಪರೀಕ್ಷಿಸಲಾಯಿತು. ಒಂದು ಬಾರಿಗೆ ಒಂದು ಪಾನೀಯವನ್ನು ಅರ್ಧ ಗಂಟೆಯಲ್ಲಿ ಒಂದು ಲೀಟರ್ ಕುಡಿಸಿ, ನಂತರದ ನಾಲ್ಕು ಗಂಟೆಗಳಲ್ಲಿ ಎಷ್ಟು ಮೂತ್ರ ಬಂತು ಎಂದು ತೂಗಿದರು. ಕಡಿಮೆ ಮೂತ್ರ ಬಂದರೆ ಹೆಚ್ಚು ನೀರು ಒಳಗೆ ಉಳಿದಿದೆ ಎಂದರ್ಥ.

ಫಲಿತಾಂಶ ಅನೇಕರ ಊಹೆಗೆ ಹೊರತಾಗಿತ್ತು. ಮೊದಲ ಸಾಲಿನಲ್ಲಿ ಒಆರ್‌ಎಸ್ ಇದ್ದದ್ದು ಸರಿಯೇ. ಆದರೆ ಅದರ ಪಕ್ಕದಲ್ಲಿಯೇ ಹಾಲು ಇತ್ತು, ಕೆನೆ ಇದ್ದದ್ದೂ ಕೆನೆ ತೆಗೆದದ್ದೂ. ಎರಡು ಗಂಟೆಯ ಲೆಕ್ಕದಲ್ಲಿ ಇವನ್ನು ಕುಡಿದಾಗ ಬಂದ ಮೂತ್ರ, ಬರೀ ನೀರು ಕುಡಿದಾಗ ಬಂದದ್ದರ ಮೂರನೇ ಎರಡರಷ್ಟು. ಸಾಮಾನ್ಯ ನೀರು, ಸೋಡಾ ನೀರು, ಕೋಲಾ, ಚಹಾ, ಕಾಫಿ, ಕ್ರೀಡಾ ಪಾನೀಯ, ಕಡಿಮೆ ಮದ್ಯಾಂಶದ ಬಿಯರ್ ಇವುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಲು ಮೇಲೆ ಬಂದದ್ದೇಕೆ? ಅದರಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡೂ ಇವೆ. ಪ್ರೋಟೀನ್ ಮತ್ತು ಲ್ಯಾಕ್ಟೋಸ್ ಸಕ್ಕರೆ ಇರುವುದರಿಂದ ಅದು ಹೊಟ್ಟೆಯಿಂದ ಮೆಲ್ಲಗೆ ಇಳಿಯುತ್ತದೆ. ನೀರು ಒಮ್ಮೆಲೇ ನುಗ್ಗದೆ ನಿಧಾನವಾಗಿ ಬಂದರೆ, ರಕ್ತ ತೆಳುವಾಯಿತೆಂದು ಮೂತ್ರಪಿಂಡಗಳು ಗಾಬರಿಯಿಂದ ಹೊರಹಾಕುವುದಿಲ್ಲ. ಬರೀ ನೀರನ್ನು ಕುಡಿಯುವವರಿಗೂ ಇದು ಅನ್ವಯಿಸುತ್ತದೆ: ಒಂದೇ ಸಲಕ್ಕೆ ಲೀಟರ್ ಸುರಿದುಕೊಳ್ಳುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ, ಅಥವಾ ಊಟದ ಜೊತೆಗೆ ಕುಡಿದಾಗ ಹೆಚ್ಚು ಪಾಲು ಒಳಗೆ ಉಳಿಯುತ್ತದೆ. ಊಟದಲ್ಲಿರುವ ಉಪ್ಪು ಎಲೆಕ್ಟ್ರೋಲೈಟ್ ಪುಡಿಯ ಕೆಲಸವನ್ನೇ ಮಾಡುತ್ತದೆ.

ಒಂದು ಮಾತು ನೆನಪಿರಲಿ. ಈ ಪರೀಕ್ಷೆ ನಡೆದದ್ದು ನೀರಿನ ಕೊರತೆಯಿಲ್ಲದ, ವಿಶ್ರಾಂತಿಯಲ್ಲಿದ್ದ ಯುವಕರ ಮೇಲೆ. ಬೆವರಿ ಬಸವಳಿದವರಿಗೆ ಹೊಟ್ಟೆ ತುಂಬ ಹಾಲು ಹಿಡಿಸದಿರಬಹುದು. ಲ್ಯಾಕ್ಟೋಸ್ ಜೀರ್ಣವಾಗದವರಿಗಂತೂ ಇದು ಉಪಾಯವೇ ಅಲ್ಲ.

## ಕಾಫಿ ಮತ್ತು ಚಹಾದ ಮೇಲಿನ ಹಳೆಯ ದೂರು

ಕೆಫೀನ್ ಮೂತ್ರಪಿಂಡಗಳಲ್ಲಿ ಸೋಡಿಯಂ ಮರಳಿ ಹೀರಲ್ಪಡುವುದನ್ನು ತುಸು ತಡೆಯುತ್ತದೆ. ಸೋಡಿಯಂ ಹೊರಹೋದರೆ ನೀರೂ ಜೊತೆಗೆ ಹೋಗುತ್ತದೆ. ಹಾಗಾಗಿ ಕಾಫಿ ದೇಹವನ್ನು ಒಣಗಿಸುತ್ತದೆ ಎಂಬ ಮಾತಿಗೆ ಆಧಾರವೇ ಇಲ್ಲ ಎನ್ನಲಾಗದು. 1928ರಷ್ಟು ಹಿಂದೆಯೇ ಕೇವಲ ಮೂವರ ಮೇಲೆ ನಡೆದ ಅಧ್ಯಯನವೊಂದು ಈ ಪರಿಣಾಮವನ್ನು ಗುರುತಿಸಿತ್ತು. ಕೆಫೀನ್ ರೂಢಿಯಾದಂತೆ ಪರಿಣಾಮ ಕುಗ್ಗುವುದನ್ನೂ ಅದೇ ಅಧ್ಯಯನ ಕಂಡಿತ್ತು. ಜನಪ್ರಿಯವಾದದ್ದು ಮೊದಲ ಅರ್ಧ ಮಾತ್ರ.

ಪ್ರಮಾಣವನ್ನು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಕಾಫಿ, ಚಹಾದ ಲೋಟದಲ್ಲಿ ಬಹುಪಾಲು ನೀರೇ. 2014ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಕಾಫಿ ರೂಢಿಯಿರುವ 50 ಗಂಡಸರಿಗೆ ಮೂರು ದಿನ ದಿನಕ್ಕೆ 200 ಮಿಲಿಲೀಟರಿನ ನಾಲ್ಕು ಲೋಟ ಕಾಫಿ, ಇನ್ನೊಂದು ಸರದಿಯಲ್ಲಿ ಅಷ್ಟೇ ನೀರು ಕೊಟ್ಟು ಹೋಲಿಸಿದಾಗ ದೇಹದ ನೀರಿನ ಮಟ್ಟದಲ್ಲಿ ವ್ಯತ್ಯಾಸ ಸಿಗಲಿಲ್ಲ. ರೂಢಿಯಿಲ್ಲದವರು ಒಮ್ಮೆಗೇ ಹೆಚ್ಚು ಕುಡಿದರೆ ಮಾತ್ರ ತಾತ್ಕಾಲಿಕವಾಗಿ ಮೂತ್ರ ಹೆಚ್ಚಬಹುದು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂ ಕೆಫೀನ್ ಸುರಕ್ಷಿತ ಮಿತಿ ಎಂದು ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ ಹೇಳುತ್ತದೆ.

ಮದ್ಯದ ಕಥೆ ಬೇರೆ. ಅದು ವ್ಯಾಸೊಪ್ರೆಸಿನ್ ಹಾರ್ಮೋನನ್ನೇ ಅಡಗಿಸುತ್ತದೆ, ಆದ್ದರಿಂದ ಮೂತ್ರಪಿಂಡಗಳು ಹಿಡಿದಿಡಬೇಕಾದ ನೀರನ್ನೂ ಬಿಟ್ಟುಬಿಡುತ್ತವೆ. ಮದ್ಯಾಂಶ ಏರಿದಷ್ಟೂ ನಷ್ಟ ಹೆಚ್ಚು.

## ಕ್ರೀಡಾ ಪಾನೀಯ, ಹಣ್ಣಿನ ರಸ, ಎಳನೀರು

1965ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ವೈದ್ಯ ರಾಬರ್ಟ್ ಕೇಡ್ ಮತ್ತು ಸಂಗಡಿಗರು ಅಲ್ಲಿನ ಫುಟ್‌ಬಾಲ್ ತಂಡಕ್ಕಾಗಿ ಉಪ್ಪು ಸಕ್ಕರೆ ಬೆರೆತ ಪಾನೀಯವೊಂದನ್ನು ತಯಾರಿಸಿದರು. ಗೇಟರೇಡ್ ಹುಟ್ಟಿದ್ದು ಹಾಗೆ. ಇಂಥ ಪಾನೀಯಗಳಲ್ಲಿ ಸಕ್ಕರೆ ಸಾಮಾನ್ಯವಾಗಿ ಶೇ 6ರ ಸುಮಾರಿಗೆ ಇರುತ್ತದೆ; ಸೋಡಿಯಂ ಒಆರ್‌ಎಸ್‌ಗಿಂತ ಬಹಳ ಕಡಿಮೆ. ಅವುಗಳ ಉದ್ದೇಶ ದುಡಿಯುವ ಸ್ನಾಯುಗಳಿಗೆ ನೀರಿನ ಜೊತೆ ಇಂಧನವನ್ನೂ ಒದಗಿಸುವುದು. ಗಂಟೆಗಿಂತ ಹೆಚ್ಚು ಹೊತ್ತು ಓಡುವವರಿಗೆ, ಬಿಸಿಲಿನಲ್ಲಿ ಮೈಮುರಿದು ದುಡಿಯುವವರಿಗೆ ಪ್ರಯೋಜನವಿದೆ. ಕುರ್ಚಿಯಲ್ಲಿ ಕುಳಿತು ಅರ್ಧ ಲೀಟರ್ ಕುಡಿದರೆ ಸಿಗುವುದು 30 ಗ್ರಾಂ ಸಕ್ಕರೆ.

ಹಣ್ಣಿನ ರಸದಲ್ಲಿ ಪೊಟ್ಯಾಸಿಯಂ ಚೆನ್ನಾಗಿಯೇ ಇದೆ, ಸಕ್ಕರೆಯೂ ಸಿಹಿ ಪಾನೀಯಗಳಷ್ಟೇ ಇದೆ. ನೀರು ಬೆರೆಸಿ ತೆಳುವಾಗಿಸಿದರೆ ಬೇಗ ಹೀರಲ್ಪಡುತ್ತದೆ. ಎಳನೀರಿನಲ್ಲಿ ಸಕ್ಕರೆ ಅದಕ್ಕಿಂತ ಕಡಿಮೆ, ಪೊಟ್ಯಾಸಿಯಂ ಹೇರಳ, ಸೋಡಿಯಂ ಮಾತ್ರ ಸಾಲದು. ಬೆವರಿನಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ ಆದ್ದರಿಂದ, ತುಂಬ ಬೆವರಿದವರು ಎಳನೀರಿನ ಜೊತೆ ಉಪ್ಪಿರುವ ಏನನ್ನಾದರೂ ತಿಂದರೆ ಲೆಕ್ಕ ಸರಿಹೋಗುತ್ತದೆ.

ಬಾಟಲಿಯ ಹಿಂಬದಿಯಲ್ಲಿ ನೋಡಬೇಕಾದ ಸಂಖ್ಯೆಗಳು ಎರಡೇ: 100 ಮಿಲಿಲೀಟರಿಗೆ ಎಷ್ಟು ಸಕ್ಕರೆ, ಎಷ್ಟು ಸೋಡಿಯಂ. ಮುಂಬದಿಯ ಚಿತ್ರ, ಬಣ್ಣ, ವಿಟಮಿನ್ನುಗಳ ಪಟ್ಟಿ ಯಾವುದೂ ನೀರು ಉಳಿಸಿಕೊಳ್ಳುವ ವಿಷಯಕ್ಕೆ ಸಂಬಂಧಿಸಿದ್ದಲ್ಲ.

## ಎಂಟು ಲೋಟದ ಲೆಕ್ಕ

ದಿನಕ್ಕೆ ಎಂಟು ಲೋಟ ಎಂಬ ಮಾತಿನ ಮೂಲವನ್ನು ಹಲವರು 1945ರ ಅಮೆರಿಕದ ಪೌಷ್ಟಿಕತೆಯ ಶಿಫಾರಸೊಂದರಲ್ಲಿ ಗುರುತಿಸುತ್ತಾರೆ. ದಿನಕ್ಕೆ ಎರಡೂವರೆ ಲೀಟರ್ ನೀರು ಬೇಕು ಎಂದು ಅದು ಹೇಳಿತ್ತು. ಅದರ ಬಹುಪಾಲು ಆಹಾರದಲ್ಲಿಯೇ ಇರುತ್ತದೆ ಎಂದೂ ಅಲ್ಲಿಯೇ ಹೇಳಿತ್ತು. ಈ ಎರಡನೇ ಮಾತು ಎಲ್ಲೋ ಉದುರಿಹೋಯಿತು. ಎಲ್ಲರಿಗೂ ಎಂಟು ಲೋಟ ಬೇಕೆನ್ನಲು ವೈಜ್ಞಾನಿಕ ಪುರಾವೆಯಿಲ್ಲ ಎಂದು ಮೂತ್ರಪಿಂಡ ತಜ್ಞ ಹೈನ್ಸ್ ವಾಲ್ಟಿನ್ 2002ರಲ್ಲಿ ಬರೆದರು.

ಯುರೋಪಿನ ಪ್ರಾಧಿಕಾರದ 2010ರ ಶಿಫಾರಸಿನಂತೆ ಹೆಂಗಸರಿಗೆ ದಿನಕ್ಕೆ 2 ಲೀಟರ್, ಗಂಡಸರಿಗೆ 2.5 ಲೀಟರ್ ಸಾಕು. ಇದು ಎಲ್ಲ ಪಾನೀಯಗಳನ್ನೂ ಆಹಾರದ ನೀರನ್ನೂ ಸೇರಿಸಿದ ಮೊತ್ತ, ಅದೂ ಹಿತವಾದ ಹವೆಯಲ್ಲಿ ಸಾಧಾರಣ ಚಟುವಟಿಕೆ ಇರುವವರಿಗೆ. ಸುಡುಬಿಸಿಲಿನಲ್ಲಿ ಕಠಿಣ ದುಡಿಮೆ ಮಾಡುವವರಿಗೆ ಗಂಟೆಗೆ ಒಂದು ಲೀಟರಿಗೂ ಹೆಚ್ಚು ಬೆವರು ಹರಿಯಬಹುದು. ಅವರಿಗೆ ಈ ಅಂಕಿ ಯಾವ ಮೂಲೆಗೂ ಸಾಲದು. ದುಡಿಮೆಗೆ ಮುಂಚೆ ಮತ್ತು ನಂತರ ತೂಕ ನೋಡಿದರೆ ನಷ್ಟ ತಿಳಿಯುತ್ತದೆ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಹೋಗಿದೆ ಎಂದರ್ಥ. ಕುಡಿದದ್ದರಲ್ಲಿ ಒಂದಷ್ಟು ಮೂತ್ರವಾಗಿ ಹೋಗುವುದರಿಂದ, ಮುಂದಿನ ಕೆಲವು ಗಂಟೆಗಳಲ್ಲಿ ಒಂದೂವರೆ ಲೀಟರಿನಷ್ಟು ಕುಡಿಯಬೇಕಾಗುತ್ತದೆ. ತಕ್ಕಡಿ ಇಲ್ಲದವರಿಗೆ ಮೂತ್ರದ ಬಣ್ಣವೇ ಸುಲಭದ ಅಳತೆ: ತಿಳಿಹಳದಿಯಾಗಿದ್ದರೆ ಸರಿ, ಗಾಢವಾಗಿದ್ದರೆ ಇನ್ನಷ್ಟು ಬೇಕು.

## ನೀರು ಹೆಚ್ಚಾದರೆ

ಮೂತ್ರಪಿಂಡಗಳು ಗಂಟೆಗೆ ಹೆಚ್ಚೆಂದರೆ 0.8ರಿಂದ 1 ಲೀಟರ್ ನೀರನ್ನು ಹೊರಹಾಕಬಲ್ಲವು. ಅದಕ್ಕಿಂತ ವೇಗವಾಗಿ ಗಂಟೆಗಟ್ಟಲೆ ಬರೀ ನೀರು ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ, ನೀರು ಕೋಶಗಳೊಳಗೆ ನುಗ್ಗುತ್ತದೆ. ಮಿದುಳಿನ ಕೋಶಗಳು ಊದಿಕೊಂಡಾಗ ತಲೆನೋವು, ವಾಕರಿಕೆ, ಗೊಂದಲ, ಕೊನೆಗೆ ಸೆಳವು ಬರಬಹುದು, ಪ್ರಾಣವೂ ಹೋಗಬಹುದು. ವೈದ್ಯರು ಇದನ್ನು ಹೈಪೊನೆಟ್ರಿಮಿಯ ಎನ್ನುತ್ತಾರೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಪರೀಕ್ಷೆಗೆ ಒಳಗಾದ 488 ಓಟಗಾರರಲ್ಲಿ ಶೇ 13ರಷ್ಟು ಮಂದಿಯಲ್ಲಿ ಇದು ಕಂಡುಬಂದಿತ್ತು. ಅಂಥವರಲ್ಲಿ ಅನೇಕರು ಓಟದ ನಡುವೆ ವಿಪರೀತ ಕುಡಿದು ತೂಕ ಹೆಚ್ಚಿಸಿಕೊಂಡಿದ್ದರು.

## ಬಾಯಾರಿಕೆಯನ್ನು ನಂಬಲಾಗದವರು

ಆರೋಗ್ಯವಂತ ವಯಸ್ಕರಿಗೆ ಸಾಮಾನ್ಯ ದಿನಗಳಲ್ಲಿ ಬಾಯಾರಿಕೆಯೇ ಸಾಕಷ್ಟು ಒಳ್ಳೆಯ ಮಾರ್ಗದರ್ಶಿ. ವಯಸ್ಸಾದಂತೆ ಅದು ಮಂಕಾಗುತ್ತದೆ, ಮೂತ್ರಪಿಂಡಗಳಿಗೆ ನೀರು ಹಿಡಿದಿಡುವ ಶಕ್ತಿಯೂ ಕುಗ್ಗುತ್ತದೆ. ಆದ್ದರಿಂದ ಹಿರಿಯರು ಬಾಯಾರದಿದ್ದರೂ ಹೊತ್ತುಹೊತ್ತಿಗೆ, ತಮಗೆ ಇಷ್ಟವಾದ ಪಾನೀಯವನ್ನೇ ಆದರೂ ಕುಡಿಯಬೇಕು. ಆರು ತಿಂಗಳೊಳಗಿನ ಹಸುಗೂಸಿಗೆ ಬಿಸಿಲಿನಲ್ಲಿಯೂ ಪ್ರತ್ಯೇಕ ನೀರು ಬೇಡ. ತಾಯಿಯ ಹಾಲಿನಲ್ಲಿ ಶೇ 87ರಷ್ಟು ನೀರೇ ಇದೆ. ಹೃದಯ ವೈಫಲ್ಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ ನೀರು, ಉಪ್ಪು, ಪೊಟ್ಯಾಸಿಯಂ ಮೂರಕ್ಕೂ ಮಿತಿ ಇರಬಹುದು. ಅಂಥವರು ಎಳನೀರು, ಹಣ್ಣಿನ ರಸ, ಎಲೆಕ್ಟ್ರೋಲೈಟ್ ಪುಡಿ ಯಾವುದನ್ನಾದರೂ ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಬಿಸಿಲಿನಲ್ಲಿದ್ದವರ ಮೈ ಕಾದು ಮಾತು ತೊದಲಿದರೆ, ಪ್ರಜ್ಞೆ ಮಸುಕಾದರೆ, ಬಾಯಿಗೆ ಯಾವ ಪಾನೀಯವನ್ನೂ ಹಾಕದೆ ನೆರಳಿಗೆ ಒಯ್ದು, ಮೈಗೆ ತಣ್ಣೀರು ಸುರಿಯುತ್ತ ಆಂಬುಲೆನ್ಸ್ ಕರೆಯಬೇಕು.